ವಾಲ್ವ್ ಹುಟ್ಟುವ ಬಗೆ, ಪಾಸಾಗುವ ಬಗೆ



ಊರಿಗೆ ನೀರು ಬಿಡುವ ನೀರುಗಂಟಿ ರಸ್ತೆ ಬದಿಯ ಗುಂಡಿಗೆ ಬಗ್ಗಿ ಕೀಲಿ ತಿರುಗಿಸುವುದನ್ನು ನೀವೆಲ್ಲ ನೋಡಿದ್ದೀರಿ. ಆ ಗುಂಡಿಯೊಳಗಿರುವುದು ಒಂದು ವಾಲ್ವ್. ಅದೇ ಜಾತಿಯ ವಾಲ್ವುಗಳು ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿವೆ. ಅಲ್ಲಿ ಅವು ತಡೆಹಿಡಿಯಬೇಕಾದದ್ದು ಬಿಸಿ ಎಣ್ಣೆಯನ್ನು, ಹಬೆಯನ್ನು, ಉರಿಯುವ ಅನಿಲವನ್ನು. ನಮ್ಮ ರಾಜ್ಯದಲ್ಲಿ ಕೈಗಾರಿಕಾ ವಾಲ್ವುಗಳಿಗೆ ಹೆಸರಾದ ಊರು ಹುಬ್ಬಳ್ಳಿ. ಅಲ್ಲಿ ತಯಾರಾದ ವಾಲ್ವುಗಳು ಹೊರದೇಶಗಳಿಗೂ ಹೋಗುತ್ತವೆ. ಈ ದಿನ ಒಂದೇ ಒಂದು ವಾಲ್ವನ್ನು ಹಿಂಬಾಲಿಸೋಣ: ಆರು ಇಂಚಿನ, ಎರಕದ ಉಕ್ಕಿನ ಗೇಟ್ ವಾಲ್ವ್.

ಅದರ ಕೆಲಸ ಸರಳ. ಬಾಡಿ ಎಂಬ ಪೊಳ್ಳು ಉಕ್ಕಿನ ಒಡಲು, ಮೇಲೆ ಬಾನೆಟ್ ಎಂಬ ಮುಚ್ಚಳ, ಅದರ ನಡುವಿನಿಂದ ಇಳಿಯುವ ಸ್ಪಿಂಡಲ್, ಸ್ಪಿಂಡಲಿನ ತುದಿಗೆ ಬೆಣೆಯಾಕಾರದ ವೆಜ್. ಚಕ್ರ ತಿರುಗಿಸಿದರೆ ವೆಜ್ ಕೆಳಗಿಳಿದು ಸೀಟು ಎಂಬ ಎರಡು ಉಂಗುರಗಳ ನಡುವೆ ಬಿಗಿಯಾಗಿ ಕೂರುತ್ತದೆ, ಹರಿವು ನಿಲ್ಲುತ್ತದೆ.

ಕಷ್ಟ ಶುರುವಾಗುವುದು ಫೌಂಡ್ರಿಯಲ್ಲಿ. ಸುಮಾರು 1600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಉಕ್ಕನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಆರುತ್ತಾ ಆರುತ್ತಾ ಉಕ್ಕು ಕುಗ್ಗುತ್ತದೆ. ಅಳತೆಯಲ್ಲಿ ನೂರಕ್ಕೆ ಎರಡರಷ್ಟು. ಅದಕ್ಕಾಗಿ ಅಚ್ಚು ಮೂಡಿಸುವ ಮಾದರಿಯನ್ನು, ಅಂದರೆ ಪ್ಯಾಟರ್ನನ್ನು, ಮೊದಲೇ ಅಷ್ಟು ದೊಡ್ಡದಾಗಿ ಮಾಡಿರುತ್ತಾರೆ. ದಪ್ಪ ಜಾಗಗಳು ತಡವಾಗಿ ಗಟ್ಟಿಯಾಗುತ್ತವೆ. ಆಗ ಅಲ್ಲಿಗೆ ಇನ್ನಷ್ಟು ದ್ರವ ಲೋಹ ಸಿಗದಿದ್ದರೆ ಒಳಗೆ ಟೊಳ್ಳು ಉಳಿದುಬಿಡುತ್ತದೆ. ಆ ಲೋಹವನ್ನು ಒದಗಿಸಲೆಂದೇ ಅಚ್ಚಿನ ಮೇಲೆ ರೈಸರ್ ಎಂಬ ಹೆಚ್ಚುವರಿ ಗುಂಡಿ ಇಟ್ಟಿರುತ್ತಾರೆ. ರೈಸರನ್ನು ಎಲ್ಲಿ, ಎಷ್ಟು ದೊಡ್ಡದಾಗಿ ಇಡಬೇಕೆಂದು ತಿಳಿದವನೇ ಒಳ್ಳೆಯ ಫೌಂಡ್ರಿಯವನು. ವಾಲ್ವಿನ ಹಣೆಬರಹದ ಅರ್ಧ ಭಾಗ ಇಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಯಾವ ಪರೀಕ್ಷೆಯೂ ಕೆಟ್ಟ ಎರಕವನ್ನು ಒಳ್ಳೆಯದು ಮಾಡಲಾರದು. ಅದನ್ನು ಹಿಡಿದು ತೋರಿಸಬಲ್ಲದು, ಅಷ್ಟೆ.

ಒಂದು ಕುಲುಮೆಯಿಂದ ಒಂದು ಬಾರಿ ಹೊಯ್ದ ಉಕ್ಕಿಗೆ ಒಂದು ಸಂಖ್ಯೆ. ಅದಕ್ಕೆ ಹೀಟ್ ನಂಬರ್ ಎನ್ನುತ್ತಾರೆ. ಆ ಉಕ್ಕಿನಲ್ಲಿ ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಗಂಧಕ ಎಷ್ಟು ಎಂದು ಸ್ಪೆಕ್ಟ್ರೋಮೀಟರ್ ಹೇಳುತ್ತದೆ. ಅದೇ ಉಕ್ಕಿನಲ್ಲಿ ಎರೆದ ತುಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿ, ಹರಿಯುವವರೆಗೆ ಎಳೆದು ಬಲ ನೋಡುತ್ತಾರೆ. ಹೀಟ್ ನಂಬರ್ ಬಾಡಿಯ ಮೈಮೇಲೆಯೇ ಉಬ್ಬಾಗಿ ಅಥವಾ ಕೊರೆದು ಮೂಡಿರುತ್ತದೆ. ಹಲವು ವರ್ಷಗಳ ನಂತರ ಎಲ್ಲೋ ಒಂದು ವಾಲ್ವ್ ಬಿರುಕುಬಿಟ್ಟರೂ ಅದೇ ಉಕ್ಕಿನ ಉಳಿದ ವಾಲ್ವುಗಳನ್ನು ಹುಡುಕಿ ತೆಗೆಯಲು ದಾರಿ ಇರುತ್ತದೆ.

ಹೆಚ್ಚು ಜವಾಬ್ದಾರಿಯ ಜಾಗಕ್ಕೆ ಹೋಗುವ ಎರಕಗಳಿಗೆ ರೇಡಿಯೋಗ್ರಫಿ ಮಾಡಿಸುತ್ತಾರೆ. ಇರಿಡಿಯಂ 192ರಿಂದ ಹೊಮ್ಮುವ ಗಾಮಾ ಕಿರಣ ಉಕ್ಕನ್ನು ತೂರಿ ಹೋಗಿ, ಒಳಗಿನ ಬ್ಲೋ ಹೋಲ್ ಎಂಬ ಅನಿಲದ ಗುಳಿಗಳನ್ನೂ ಟೊಳ್ಳುಗಳನ್ನೂ ಫಿಲ್ಮಿನ ಮೇಲೆ ಬಿಡಿಸಿಡುತ್ತದೆ.

ನಂತರ ಲೇತು, ಡ್ರಿಲ್ಲಿಂಗು. ಅದು ಎಲ್ಲ ಕಾರ್ಖಾನೆಗಳಲ್ಲೂ ಇರುವ ಕೆಲಸ. ಆದರೆ ಸೀಟು ಮತ್ತು ವೆಜ್‌ಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಒಂದೇ ಗಡಸುತನದ ಎರಡು ಲೋಹಗಳನ್ನು ಒತ್ತಿ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಂಡು ಮೈ ಕಿತ್ತುಬರುತ್ತದೆ. ಆದ್ದರಿಂದ ಎರಡಕ್ಕೂ ನೂರಕ್ಕೆ ಹದಿಮೂರರಷ್ಟು ಕ್ರೋಮಿಯಂ ಇರುವ ಉಕ್ಕನ್ನೇ ಬಳಸುವಾಗ, ಒಂದರ ಗಡಸುತನ ಇನ್ನೊಂದಕ್ಕಿಂತ ಕನಿಷ್ಠ 50 ಬ್ರಿನೆಲ್ ಬೇರೆ ಇರಲಿ ಎನ್ನುತ್ತದೆ ನಿಯಮ. ಆಮೇಲೆ ಸಣ್ಣ ಪುಡಿಯ ಪೇಸ್ಟ್ ಹಚ್ಚಿ ಮುಖಗಳನ್ನು ಉಜ್ಜುತ್ತಾರೆ, ಇದು ಲ್ಯಾಪಿಂಗ್. ಕೂಡಿತೋ ಇಲ್ಲವೋ ಎಂದು ತಿಳಿಯಲು ಒಂದು ಮುಖಕ್ಕೆ ತೆಳ್ಳಗೆ ನೀಲಿ ಬಣ್ಣ ಸವರಿ, ವೆಜ್ ಇಳಿಸಿ, ಮತ್ತೆ ಎತ್ತಿ ನೋಡುತ್ತಾರೆ. ಎದುರಿನ ಮುಖದ ಮೇಲೆ ನೀಲಿಯ ಉಂಗುರ ಎಲ್ಲೂ ಕಡಿಯದೆ ಸುತ್ತಲೂ ಮೂಡಿರಬೇಕು. ಒಂದು ಕಡೆ ಕಡಿದಿದ್ದರೂ ಸೋರಿಕೆಗೆ ದಾರಿ ಸಿಕ್ಕಂತೆ, ಮತ್ತೆ ಉಜ್ಜಬೇಕು. ಕೊನೆಯ ತೀರ್ಪು ಇಲ್ಲಿ ಅನುಭವಿ ಫಿಟ್ಟರನ ಕಣ್ಣಿನದು.

ಈಗ ಪರೀಕ್ಷೆ. ನಮ್ಮ ವಾಲ್ವ್ 150ನೇ ಕ್ಲಾಸಿನದು. ಸಾಧಾರಣ ಉಷ್ಣತೆಯಲ್ಲಿ ಅದು ತಡೆಯಬೇಕಾದ ಒತ್ತಡ 19.6 ಬಾರ್. ಅದರ ಒಂದೂವರೆ ಪಟ್ಟು, ಅಂದರೆ ಸುಮಾರು 30 ಬಾರ್ ಒತ್ತಡದ ನೀರನ್ನು ಒಡಲಿಗೆ ತುಂಬುತ್ತಾರೆ. ಗಾಳಿಗೆ ಬದಲು ನೀರೇ ಏಕೆ? ಗಾಳಿಯನ್ನು ಒತ್ತಿದಾಗ ಅದರೊಳಗೆ ಅಪಾರ ಶಕ್ತಿ ಕೂಡಿಕೊಳ್ಳುತ್ತದೆ. ಬಾಡಿ ಒಡೆದರೆ ಚೂರುಗಳು ಸಿಡಿಯುತ್ತವೆ. ನೀರು ಬಹುತೇಕ ಕುಗ್ಗುವುದಿಲ್ಲ, ಬಿರುಕುಬಿಟ್ಟ ಕೂಡಲೇ ಒತ್ತಡ ಇಳಿದುಹೋಗುತ್ತದೆ. ಹಾಗಾಗಿಯೇ ನೀರು ತುಂಬುವಾಗ ಒಳಗಿನ ಗಾಳಿಯನ್ನು ಪೂರ್ತಿ ಹೊರಗೆ ಬಿಡುವುದು ಮುಖ್ಯ. ವೆಜ್ ಅರ್ಧ ತೆರೆದಿರುತ್ತದೆ, ನೀರು ಮೂಲೆಮೂಲೆ ಸೇರಲೆಂದು. ಆರು ಇಂಚಿನ ವಾಲ್ವಿಗೆ ಒಂದು ನಿಮಿಷ ಆ ಒತ್ತಡ ನಿಲ್ಲಬೇಕು, ಹೊರಮೈ ಮೇಲೆ ಒಂದು ಹನಿಯೂ ಕಾಣಬಾರದು. ಆ ಪರೀಕ್ಷೆ ಮುಗಿಯುವ ತನಕ ಬಾಡಿಗೆ ಬಣ್ಣ ಬಳಿಯುವಂತಿಲ್ಲ. ಸಣ್ಣ ರಂಧ್ರವನ್ನು ಬಣ್ಣ ಮುಚ್ಚಿಬಿಡಬಲ್ಲದು.

ಮುಂದಿನದು ಸೀಟಿನ ಪರೀಕ್ಷೆ. ವಾಲ್ವ್ ಮುಚ್ಚಿ, ಒಂದು ಕಡೆಯಿಂದ 4ರಿಂದ 7 ಬಾರ್‌ನಷ್ಟು ಕಡಿಮೆ ಒತ್ತಡದ ಗಾಳಿ ಬಿಟ್ಟು, ಇನ್ನೊಂದು ಕಡೆ ನೀರಿನಲ್ಲಿ ಏಳುವ ಗುಳ್ಳೆ ಎಣಿಸುತ್ತಾರೆ. ಆಮೇಲೆ ಕಡೆ ಬದಲಿಸಿ ಮತ್ತೊಮ್ಮೆ. ಲೋಹದ ಸೀಟಾದರೆ ಈ ಅಳತೆಯ ವಾಲ್ವಿಗೆ ನಿಮಿಷಕ್ಕೆ 24 ಗುಳ್ಳೆಗಳವರೆಗೆ ವಿನಾಯಿತಿ ಇದೆ. ಟೆಫ್ಲಾನಿನಂಥ ಮೆತ್ತನೆಯ ಸೀಟಿಗೆ ಒಂದು ಗುಳ್ಳೆಯೂ ಸಲ್ಲದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ 598ನೇ ಮಾನದಂಡದ ಮಾತು ಇದು.

ಇನ್ನು ಕೆಲವು ಪರೀಕ್ಷೆಗಳು ಮಾದರಿ ವಾಲ್ವಿಗೆ ಮಾತ್ರ. ಸ್ಪಿಂಡಲಿನ ಸುತ್ತ ತುಂಬುವ ಗ್ಲ್ಯಾಂಡ್ ಪ್ಯಾಕಿಂಗ್ ಎಷ್ಟು ಬಾಳುತ್ತದೆಂದು ನೋಡಲು ವಾಲ್ವನ್ನು 310 ಬಾರಿ ತೆರೆದು ಮುಚ್ಚಿ, ಮೀಥೇನ್ ಸೋರಿಕೆ ಅಳೆಯುವ ಪರೀಕ್ಷೆಯಿದೆ. ಬಾಲ್ ವಾಲ್ವಿನಂಥ ಮೆತ್ತನೆ ಸೀಟಿನವುಗಳನ್ನು ಅರ್ಧ ಗಂಟೆ ಬೆಂಕಿಯಲ್ಲಿಟ್ಟು ಪರೀಕ್ಷಿಸುತ್ತಾರೆ. ಸೀಟು ಸುಟ್ಟುಹೋದ ಮೇಲೂ ಸೋರಿಕೆ ಮಿತಿಯೊಳಗೇ ಇರಬೇಕು.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒತ್ತಡ ಇಳಿಸಲು ತೆರೆದುಕೊಂಡ ವಾಲ್ವೊಂದು ಮತ್ತೆ ಮುಚ್ಚಿಕೊಳ್ಳಲಿಲ್ಲ. ನಿಯಂತ್ರಣ ಕೊಠಡಿಯ ದೀಪ ಮಾತ್ರ ಮುಚ್ಚಿದೆ ಎಂಬಂತೆ ತೋರಿಸಿತು. ಮುಚ್ಚು ಎಂಬ ಆಜ್ಞೆ ಹೋಗಿದೆಯೇ ಎಂಬುದನ್ನಷ್ಟೇ ಆ ದೀಪ ತಿಳಿಸುತ್ತಿತ್ತು. ವಾಲ್ವ್ ನಿಜಕ್ಕೂ ಮುಚ್ಚಿದೆಯೇ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪುಕಾರಕ ನೀರು ಹೊರಹೋಯಿತು. ಇಂಧನದ ಸುಮಾರು ಅರ್ಧ ಭಾಗ ಕರಗಿತು. ಪರೀಕ್ಷಕ ಗೇಜಿನ ಮುಳ್ಳನ್ನಷ್ಟೇ ನಂಬದೆ, ಬಾಡಿಯ ಸುತ್ತ ಬಗ್ಗಿ ನೋಡಿ, ಗುಳ್ಳೆಯನ್ನು ತಾನೇ ಎಣಿಸಬೇಕು ಎನ್ನುವುದರ ಹಿಂದಿನ ವಿವೇಕವೂ ಇದೇ.

ಇನ್ನು ಮೊದಲು ಹೇಳಿದ ಕುಡಿಯುವ ನೀರಿನ ಗೇಟ್ ವಾಲ್ವುಗಳಿಗೆ, ಅಂದರೆ ಸ್ಲೂಸ್ ವಾಲ್ವುಗಳಿಗೆ, ನಮ್ಮದೇ ಭಾರತೀಯ ಮಾನದಂಡ ಇದೆ, ಅದರ ಸಂಖ್ಯೆ ಐಎಸ್ 14846. ಪಂಚಾಯಿತಿಗೋ ನಿಮ್ಮ ಬಡಾವಣೆಗೋ ವಾಲ್ವ್ ಕೊಳ್ಳುವವರು ನೀವಾದರೆ ಬೆಲೆ ಕೇಳುವ ಮುನ್ನ ಐಎಸ್‌ಐ ಗುರುತನ್ನೂ ಈ ಸಂಖ್ಯೆಯನ್ನೂ ನೋಡಿ, ಪರೀಕ್ಷಾ ಪತ್ರವನ್ನು ಕೇಳಿ ಪಡೆಯಿರಿ. ಪತ್ರದಲ್ಲಿರುವ ಹೀಟ್ ನಂಬರ್ ವಾಲ್ವಿನ ಮೈಮೇಲಿನ ನಂಬರಿಗೆ ತಾಳೆಯಾಗದಿದ್ದರೆ, ದಯವಿಟ್ಟು ಅದನ್ನು ಮಣ್ಣಿನಲ್ಲಿ ಹೂಳಬೇಡಿ.