ಡಿಗ್ರಿಯಿಂದ ಹೊಟ್ಟೆ ತುಂಬುತ್ತಾ?
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ)



ಇವತ್ತು ಹಾಸ್ಟೆಲ್ಲುಗಳಲ್ಲಿ ಒಂದೇ ಮಾತು: ‘ಬಿ.ಎ. ಮಾಡಿ ಏನು ಕಡಿದು ಕಟ್ಟೆ ಹಾಕೋದಿದೆ? ಬೆಂಗಳೂರಿಗೆ ಹೋಗಿ ಬೈಕಲ್ಲಿ ಊಟ ಹಂಚಿದ್ರೆ ನಾಲ್ಕು ಕಾಸಾದ್ರೂ ಸಿಗುತ್ತೆ.’ ಎರಡನೇ ವರ್ಷಕ್ಕೇ ಟ್ರಂಕು ಕಟ್ಟಿದವರು ನಮ್ಮಲ್ಲಿ ಎಷ್ಟೋ ಜನ. ಅವರನ್ನು ಬೈಯಲು ನಾವಿಲ್ಲಿ ಸೇರಿಲ್ಲ. ಅವ್ವ ಕೂಲಿಗೆ ಹೋಗಿ, ಅಕ್ಕನ ಮದುವೆಯ ಸಾಲ ತಲೆ ಮೇಲಿರುವಾಗ ಪುಸ್ತಕದ ಅಕ್ಷರ ಕಣ್ಣಿಗೆ ಹತ್ತೋದಿಲ್ಲ. ಆದರೂ ಲೆಕ್ಕ ಹಾಕಿ ತೀರ್ಮಾನ ಮಾಡೋಣ.

ಡಿಗ್ರಿ ದಂಡ ಅನ್ನೋರು ಯಾರು? ಅಪ್ಪನ ಹೆಸರಲ್ಲಿ ಅಂಗಡಿ, ತೋಟ, ರೈಸ್ ಮಿಲ್ಲು ಇರೋರು. ಅವರ ಮಗ ಫೇಲಾದರೆ ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಾನೆ. ನಮ್ಮ ಹುಡುಗ ಎಲ್ಲಿ ಕೂರಬೇಕು? ಅದೇ ಧಣಿಯ ಗದ್ದೆ, ಅದೇ ಗಾರೆ ಕೆಲಸ. ನಮ್ಮ ಹುಡುಗಿಯಾದರೆ ಓದು ನಿಂತ ಮಾರನೆಯ ದಿನವೇ ಗಂಡು ಹುಡುಕುತ್ತಾರೆ.

ಹಾಗಂತ ಡಿಗ್ರಿ ಸಿಕ್ಕ ಕೂಡಲೇ ಕೆಲಸ ಸಿಗುತ್ತೆ ಅಂತ ನಾವು ಸುಳ್ಳು ಹೇಳೋದಿಲ್ಲ. ಈ ದೇಶದಲ್ಲಿ ಅಕ್ಷರ ಬಾರದವರಿಗಿಂತ ಪದವೀಧರರಲ್ಲೇ ನಿರುದ್ಯೋಗ ಜಾಸ್ತಿ. ಯಾಕೆಂದರೆ ಅಕ್ಷರ ಬಾರದ ಬಡವ ಕೆಲಸವಿಲ್ಲದೆ ಕೂರಲಾರ, ಸಿಕ್ಕಿದ್ದಕ್ಕೆ ಕೈ ಹಾಕುತ್ತಾನೆ. ಇನ್ನು ಖಾಸಗಿ ಕಂಪನಿಗಳ ಕಥೆ. ಸುಖದೇವ ಥೋರಟ್, ಪಾಲ್ ಅಟ್ವೆಲ್ ಎಂಬ ವಿದ್ವಾಂಸರು ಒಂದೇ ಸಮ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಜಾತಿ ಸೂಚಿಸುವ ಹೆಸರುಗಳಲ್ಲಿ ಕಳಿಸಿ ನೋಡಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು: ದಲಿತ ಹೆಸರಿದ್ದ ಅರ್ಜಿಗೆ ಕರೆ ಬರುವ ಅವಕಾಶ ಕಮ್ಮಿ. ಮಾರ್ಕ್ಸ್ ಕಾರ್ಡಿಗಿಂತ ಮೊದಲು ಹೆಸರು ಓದುತ್ತಾರೆ.

ಬಾಬಾಸಾಹೇಬರಿಗೇ ಇದು ತಪ್ಪಲಿಲ್ಲ. ಕೊಲಂಬಿಯಾದಲ್ಲಿ ಎಂ.ಎ. ಮಾಡಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ತಂಗಿದ್ದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಹೊರಡಿಸಿದರು. ಆ ಮೇಲೆ ಅವರು ಏನು ಮಾಡಿದರು? ಡಿಗ್ರಿ ಸುಡಲಿಲ್ಲ. ಮತ್ತೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆದರು, 1923ರಲ್ಲಿ ಡಿ.ಎಸ್ಸಿ. ಪಡೆದರು. ಡಿಗ್ರಿ ಜಾತಿಯನ್ನು ಅಳಿಸಲಿಲ್ಲ ನಿಜ. ಜಾತಿಯನ್ನು ಎದುರು ಕೂತು ಪ್ರಶ್ನಿಸುವ ಕುರ್ಚಿಯನ್ನಂತೂ ಕೊಟ್ಟಿತು.

ನಮಗೂ ಡಿಗ್ರಿ ಒಂದು ಬಾಗಿಲು, ಅಷ್ಟೇ. ಪೊಲೀಸ್ ಕಾನ್‌ಸ್ಟೇಬಲ್‌ಗೆ ಪಿ.ಯು.ಸಿ. ಸಾಕು, ಸಬ್ ಇನ್ಸ್‌ಪೆಕ್ಟರ್‌ಗೆ ಪದವಿ ಬೇಕು. ಪಂಚಾಯ್ತಿ ಪಿ.ಡಿ.ಓ.ಗೆ, ಕೆ.ಎ.ಎಸ್.ಗೆ ಪದವಿ ಬೇಕು. ಅರ್ಧಕ್ಕೆ ಬಿಟ್ಟವರಿಗೆ ಆ ಅರ್ಜಿ ನಮೂನೆ ಮುಟ್ಟುವ ಹಕ್ಕೂ ಇಲ್ಲ. ಮೀಸಲಾತಿ ಇರೋದು ಅರ್ಹತೆ ದಾಟಿದವರಿಗೆ.

ಆದ್ದರಿಂದ ನಾವು ಹೇಳೋದು ಇಷ್ಟು. ಸೇರಿದ ಡಿಗ್ರಿಯನ್ನು ಮುಗಿಸಿ. ಬರೀ ಗೈಡು ಉರು ಹೊಡೆದು ಮುಗಿಸಬೇಡಿ. ಜೊತೆಗೆ ಕಂಪ್ಯೂಟರೋ, ಲೆಕ್ಕಪತ್ರವೋ, ಧೈರ್ಯವಾಗಿ ನಾಲ್ಕು ಮಾತಾಡುವಷ್ಟು ಇಂಗ್ಲಿಷೋ ಕಲಿಯಿರಿ. ಓದು ನಿಜಕ್ಕೂ ಒಗ್ಗದವರು ಐ.ಟಿ.ಐ. ಸೇರಿ, ಅದೇನು ಕೀಳಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಪರಿಶಿಷ್ಟರಿಗೆ ತರಬೇತಿ ಸ್ಥಾನ ಮೀಸಲಿದೆ, ಕಲಿಯುವಾಗಲೇ ಸ್ಟೈಪೆಂಡೂ ಇದೆ. ಕೇಳಿ ಪಡೆಯಿರಿ. ಬೈಕಿನ ಕೆಲಸ ರಜೆಯಲ್ಲಿ ಮಾಡಿ, ತಪ್ಪಿಲ್ಲ. ಅದನ್ನೇ ಬದುಕು ಅಂದುಕೊಳ್ಳಬೇಡಿ. ಚಕ್ರ ನಿಂತ ದಿನ ಕೂಲಿಯೂ ನಿಲ್ಲುತ್ತೆ.

ಇನ್ನೊಂದು ಮಾತು. ನಾವು ಓದಿ ಬರುವ ಹೊತ್ತಿಗೆ ಹುದ್ದೆಯೇ ಇಲ್ಲವಾದರೆ? ಕಾಯಂ ಜಾಗಗಳನ್ನು ಖಾಲಿ ಬಿಟ್ಟು ಹೊರಗುತ್ತಿಗೆಗೆ ಜನ ತಗೋತಿದ್ದಾರೆ. 2022ರಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು 15ರಿಂದ 17ಕ್ಕೆ, ಪಂಗಡದ್ದನ್ನು 3ರಿಂದ 7ಕ್ಕೆ ಏರಿಸುವ ಕಾನೂನು ಮಾಡಿತು. ಹುದ್ದೆ ತುಂಬದಿದ್ದರೆ ಶೇಕಡಾ ಎಷ್ಟಾದರೇನು? ಸೊನ್ನೆಯಲ್ಲಿ ಹದಿನೇಳು ಪಾಲೂ ಸೊನ್ನೆಯೇ. ಹಾಗಾಗಿ ಓದೋದು ಒಬ್ಬೊಬ್ಬರ ಕೆಲಸ, ಹುದ್ದೆ ತುಂಬಿಸೋದು ಎಲ್ಲರೂ ಸೇರಿ ಮಾಡುವ ಕೆಲಸ. ಎರಡರಲ್ಲಿ ಒಂದನ್ನು ಬಿಟ್ಟರೂ ಇನ್ನೊಂದು ದಂಡ.

ಈ ಸಲ ರಜೆ ಮುಗಿದಾಗ ನಿಮ್ಮ ರೂಮಿನ ಯಾರಾದರೂ ವಾಪಸ್ ಬರದಿದ್ದರೆ, ಅವರ ಊರಿಗೆ ಹೋಗಿ ಕರೆದುಕೊಂಡು ಬನ್ನಿ.

ಜೈ ಭೀಮ್.