ರಕ್ತದ ಹೆಪ್ಪು: ಕಟ್ಟುವ ಕಾಲ, ಕರಗುವ ಕಾಲ

(ಕುಡತಿನಿಯ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಹೆರಿಗೆಯಾದ ಮೇಲೆ ತಾಯಿಯ ಜೀವಕ್ಕೆ ಒದಗಬಹುದಾದ ಎರಡು ಅಪಾಯಗಳನ್ನು ಕುರಿತು ನಿಮ್ಮೊಡನೆ ಮಾತನಾಡಬೇಕಾಗಿದೆ. ಒಂದು, ರಕ್ತವು ನಿಲ್ಲದೆ ಹರಿದುಹೋಗುವುದು. ಮತ್ತೊಂದು, ಹರಿಯಬೇಕಾದ ರಕ್ತವು ನಾಳದೊಳಗೇ ಗಟ್ಟಿಯಾಗಿ ನಿಂತುಬಿಡುವುದು. ಇವು ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಮೂಲ ಒಂದೇ. ಗಂಡಂದಿರನ್ನೂ ಕರೆದಿರುವುದಕ್ಕೆ ಕಾರಣವಿದೆ. ಗಾಡಿ ಗೊತ್ತುಮಾಡುವವರು, ರಕ್ತದಾನಕ್ಕೆ ನಿಲ್ಲುವವರು, ಆಸ್ಪತ್ರೆಗೆ ಒಯ್ಯಬೇಕೋ ಬೇಡವೋ ಎಂದು ತೀರ್ಮಾನಿಸುವವರು ಸಾಮಾನ್ಯವಾಗಿ ನೀವೇ ಆಗಿರುತ್ತೀರಿ.

ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಮೊಸರು ಮರಳಿ ಹಾಲಾಗುವುದಿಲ್ಲ. ರಕ್ತದ ಹೆಪ್ಪು ಹಾಗಲ್ಲ. ಅದು ಕಟ್ಟುತ್ತದೆ, ಕೆಲಸ ಮುಗಿದ ಮೇಲೆ ಕರಗುತ್ತದೆ. ಕುಡುಗೋಲು ತಾಗಿ ಬೆರಳು ಕೊಯ್ದಾಗ ರಕ್ತದಲ್ಲಿರುವ ಒಂದು ಸಾರವು ಫೈಬ್ರಿನ್ ಎಂಬ ಸೂಕ್ಷ್ಮ ನೂಲಾಗಿ ಮಾರ್ಪಟ್ಟು, ಬಲೆಯಂತೆ ಹೆಣೆದುಕೊಂಡು ಗಾಯದ ಬಾಯನ್ನು ಮುಚ್ಚುತ್ತದೆ. ಗಾಯ ಮಾಯುತ್ತ ಬಂದಂತೆ ಪ್ಲಾಸ್ಮಿನ್ ಎಂಬ ಇನ್ನೊಂದು ದ್ರವ್ಯವು ಆ ನೂಲನ್ನು ತುಂಡುತುಂಡಾಗಿ ಕತ್ತರಿಸಿ ಬಲೆಯನ್ನು ಬಿಡಿಸುತ್ತದೆ. ಈ ಪ್ಲಾಸ್ಮಿನ್ ಸದಾ ಎಚ್ಚರವಾಗಿದ್ದರೆ ಅನಾಹುತವಾಗುವುದು. ಆದುದರಿಂದ ಅದು ರಕ್ತದಲ್ಲಿ ನಿದ್ರಿಸುವ ರೂಪದಲ್ಲಿರುತ್ತದೆ. ರಕ್ತನಾಳದ ಒಳಗೋಡೆಯಿಂದ ಬರುವ ದ್ರವ್ಯವೊಂದು ಅದನ್ನು ಎಬ್ಬಿಸುತ್ತದೆ. ಎದ್ದುದನ್ನು ಹಿಡಿತದಲ್ಲಿಡುವುದಕ್ಕೆ ಬೇರೆ ಕಾವಲುಗಾರರೂ ಇದ್ದಾರೆ.

ತುಂಗಭದ್ರಾ ಕಾಲುವೆಯ ಏರಿ ಒಡೆದಾಗ ಏನು ಮಾಡುತ್ತೀರಿ? ಮಣ್ಣಿನ ಚೀಲಗಳನ್ನು ಒಡ್ಡುತ್ತೀರಿ. ಏರಿ ಗಟ್ಟಿಯಾಗುವ ಮೊದಲೇ ಯಾರಾದರೂ ಚೀಲ ಕಿತ್ತರೆ ನೀರು ಹೊಲಕ್ಕೆ ನುಗ್ಗುತ್ತದೆ. ದುರಸ್ತಿ ಮುಗಿದ ಮೇಲೂ ಚೀಲಗಳು ಕಾಲುವೆಯಲ್ಲೇ ಬಿದ್ದಿದ್ದರೆ ಕೆಳಗಿನ ರೈತನಿಗೆ ನೀರಿಲ್ಲ. ಕಟ್ಟುವುದಕ್ಕೂ ತೆಗೆಯುವುದಕ್ಕೂ ತಕ್ಕ ಸಮಯವಿರಬೇಕು.

ಹೆಣ್ಣುಮಕ್ಕಳು ಇದನ್ನು ಪ್ರತಿ ತಿಂಗಳೂ ಕಾಣುತ್ತಾರೆ. ಮುಟ್ಟಿನ ರಕ್ತವು ಬಹುಮಟ್ಟಿಗೆ ಗಡ್ಡೆಯಾಗದೆ ತೆಳ್ಳಗೆ ಹರಿಯುವುದೇಕೆ? ಗರ್ಭಕೋಶದ ಒಳಪದರದಲ್ಲಿಯೇ ಹೆಪ್ಪನ್ನು ಕರಗಿಸುವ ಶಕ್ತಿ ಇರುವುದರಿಂದ. ದೊಡ್ಡ ದೊಡ್ಡ ಗಡ್ಡೆಗಳು ಹೋಗುತ್ತಿದ್ದರೆ, ಕರಗಿಸುವ ಶಕ್ತಿಯನ್ನೂ ಮೀರಿ ರಕ್ತ ಹೋಗುತ್ತಿದೆ ಎಂದು ತಿಳಿದು ವೈದ್ಯರಿಗೆ ತೋರಿಸತಕ್ಕದ್ದು. ಇದನ್ನು ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು.

ಇನ್ನು ಹೆರಿಗೆಯ ವಿಷಯಕ್ಕೆ ಬರೋಣ. ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿದುಬರುತ್ತದೆ. ಮಾಸು ಕಳಚಿದೊಡನೆ ಅಷ್ಟೂ ನಾಳಗಳ ಬಾಯಿ ತೆರೆದುಕೊಳ್ಳುವುವು. ದೇಹಕ್ಕೆ ಇದು ಮೊದಲೇ ಗೊತ್ತು. ಆದ್ದರಿಂದಲೇ ಗರ್ಭ ಬೆಳೆದಂತೆಲ್ಲ ಹೆಪ್ಪುಗಟ್ಟಿಸುವ ದ್ರವ್ಯಗಳು ಹೆಚ್ಚುತ್ತವೆ, ಕರಗಿಸುವ ಶಕ್ತಿ ತಗ್ಗುತ್ತದೆ. ಕರಗಿಸುವುದನ್ನು ತಡೆಯುವ ಕಾವಲುಗಾರನೊಬ್ಬನನ್ನು ಮಾಸು ತಾನೇ ತಯಾರಿಸಿಕೊಡುತ್ತದೆ. ಮಗು ಹುಟ್ಟಿದ ಮೇಲೆ ಗರ್ಭಕೋಶ ಬಿಗಿದು ಕುಗ್ಗಿ ನಾಳಗಳನ್ನು ಹಿಂಡುತ್ತದೆ, ಹೆಪ್ಪು ಅವುಗಳ ಬಾಯನ್ನು ಮುಚ್ಚುತ್ತದೆ. ಬಹುಪಾಲು ತಾಯಂದಿರಲ್ಲಿ ಇಷ್ಟರಿಂದಲೇ ರಕ್ತ ನಿಲ್ಲುವುದು.

ಆದರೆ ಮಾಸು ಹೊರಬಿದ್ದೊಡನೆ ಅದು ಕೊಡುತ್ತಿದ್ದ ತಡೆಯೂ ಹೋಗುತ್ತದೆ. ಪ್ಲಾಸ್ಮಿನ್ನನ್ನು ಎಬ್ಬಿಸುವ ದ್ರವ್ಯವು ಹೆರಿಗೆಯ ಪೆಟ್ಟಿನಿಂದ ಬೇಗನೆ ಏರುತ್ತದೆ. ಕೆಲವರಲ್ಲಿ, ಮುಖ್ಯವಾಗಿ ಗರ್ಭಕೋಶ ಸಡಿಲವಾಗಿ ಉಳಿದವರಲ್ಲಿ, ಒಳಗೆ ಹರಿದು ಗಾಯವಾದವರಲ್ಲಿ, ಹೆರಿಗೆಗೆ ಮೊದಲೇ ಮಾಸು ಕಳಚಿದವರಲ್ಲಿ, ಕಟ್ಟಿದ ಹೆಪ್ಪೆಲ್ಲ ಕಟ್ಟಿದಂತೆಯೇ ಕರಗತೊಡಗುತ್ತದೆ.

ಇಂತಹ ಸಮಯದಲ್ಲಿ ವೈದ್ಯರು ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ ತೆಗೆದು, ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು ನಿಂತಿರುವುದನ್ನು ನೀವು ಕಾಣಬಹುದು. "ಹೆಂಗಸು ಸಾಯುತ್ತಿದ್ದಾಳೆ, ಡಾಕ್ಟರು ಸುಮ್ಮನೆ ನಿಂತಿದ್ದಾರೆ" ಎಂದು ಸಿಟ್ಟಾಗಬೇಡಿರಿ. ಅದೊಂದು ಪರೀಕ್ಷೆ. ೭ ನಿಮಿಷಗಳಲ್ಲಿ ರಕ್ತವು ಗಟ್ಟಿಯಾಗದಿದ್ದರೆ, ಅಥವಾ ಗಟ್ಟಿಯಾದದ್ದು ಸುಲಭವಾಗಿ ಒಡೆದುಹೋದರೆ, ಆ ತಾಯಿಯ ರಕ್ತ ಹೆಪ್ಪನ್ನು ಉಳಿಸಿಕೊಳ್ಳಲಾರದು ಎಂದು ತಿಳಿಯುತ್ತದೆ. ಆಗ ಬೇರೆಯವರ ರಕ್ತವನ್ನೂ ರಕ್ತದ ಭಾಗಗಳನ್ನೂ ಕೊಡಬೇಕಾಗುತ್ತದೆ. ಇದಕ್ಕಾಗಿ ರಕ್ತದಾನಿಗಳನ್ನು ಎಂಟನೆಯ ತಿಂಗಳಿನಲ್ಲಿಯೇ ಗೊತ್ತುಮಾಡಿಕೊಳ್ಳಿರಿ. ನಡುರಾತ್ರಿ ಹುಡುಕುವುದು ಕಷ್ಟ.

ಹೆರಿಗೆಯ ಬಳಿಕ ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವ ಎನ್ನುತ್ತಾರೆ. ಬಟ್ಟೆಯಲ್ಲಿ ಇಂಗಿದ ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆಯುವುದು ಅನುಭವಸ್ಥರಿಗೂ ಕಷ್ಟ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಸರಳ ಉಪಾಯ ಬಳಕೆಗೆ ಬಂದಿತು. ೨೦೦೨ರಿಂದ ೨೦೦೫ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ತಜ್ಞರೊಡನೆ ಸೇರಿ ೧೬೨೦ ತಾಯಂದಿರ ಮೇಲೆ ಅಧ್ಯಯನ ನಡೆಸಿದರು. ತಾಯಿಯ ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಅದರ ತುದಿಯ ಚೀಲದಲ್ಲಿ ಸಂಗ್ರಹವಾದ ರಕ್ತವನ್ನು ಗುರುತು ನೋಡಿ ಅಳೆದರು. ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಎಂಬ ಗರ್ಭಕೋಶವನ್ನು ಬಿಗಿಗೊಳಿಸುವ ಮಾತ್ರೆಯನ್ನು ನುಂಗಿಸಿದ ತಾಯಂದಿರಲ್ಲಿ ಅತಿ ರಕ್ತಸ್ರಾವವಾದವರು ನೂರಕ್ಕೆ ೬.೪, ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ನೂರಕ್ಕೆ ೧೨. ಇದೇ ಬಗೆಯ ಅಳತೆಯ ಹಾಳೆಯನ್ನು ಆಫ್ರಿಕದ ನಾಲ್ಕು ದೇಶಗಳಲ್ಲಿ ಇತರ ಚಿಕಿತ್ಸೆಗಳೊಡನೆ ಜೋಡಿಸಿ ಬಳಸಿದಾಗ ತೀವ್ರ ರಕ್ತಸ್ರಾವ ಹಾಗೂ ಅದರ ದುಷ್ಪರಿಣಾಮಗಳು ಬಹಳ ತಗ್ಗಿದವೆಂದು ೨೦೨೩ರಲ್ಲಿ ಪ್ರಕಟವಾಯಿತು. ನಮ್ಮ ಆರೋಗ್ಯ ಸಹಾಯಕಿಯರ ಕೈಯಲ್ಲಿ ಪರೀಕ್ಷೆಗೊಳಗಾದ ವಸ್ತು ಅಷ್ಟು ದೂರ ಹೋಯಿತೆಂಬುದು ನಾವು ಹೆಮ್ಮೆ ಪಡತಕ್ಕ ಸಂಗತಿ.

ಮಾತ್ರೆಯು ಗರ್ಭಕೋಶವನ್ನು ಬಿಗಿಸುತ್ತದೆ. ಆದರೆ ಕರಗುತ್ತಿರುವ ಹೆಪ್ಪನ್ನು ಉಳಿಸುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದವರು ಜಪಾನಿನ ದಂಪತಿಗಳು: ಉಟಾಕೊ ಒಕಮೊಟೊ ಮತ್ತು ಅವರ ಪತಿ ಶೊಸುಕೆ ಒಕಮೊಟೊ. ಮಹಾಯುದ್ಧ ಮುಗಿದ ಮೇಲಿನ ಬಡತನದ ಕಾಲದಲ್ಲಿ, ಹಣ ಸಾಲದೆ ತಮ್ಮ ರಕ್ತದ ಮೇಲೆಯೇ ಪ್ರಯೋಗ ಮಾಡುತ್ತ, ಪ್ಲಾಸ್ಮಿನ್ನಿನ ಕೆಲಸವನ್ನು ತಡೆಯುವ ಔಷಧಕ್ಕಾಗಿ ಅವರು ದುಡಿದರು. ಆ ತಾಯಿ ತಮ್ಮ ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು. ೧೯೬೨ರಲ್ಲಿ ಅವರು ಟ್ರಾನೆಕ್ಸಾಮಿಕ್ ಆಮ್ಲವನ್ನು ಕುರಿತು ಪ್ರಕಟಿಸಿದರು. ಬಾಣಂತಿಯರ ರಕ್ತಸ್ರಾವಕ್ಕೆ ಇದನ್ನು ಬಳಸಿ ನೋಡಿರೆಂದು ಕೇಳಿದರೂ ಅಂದಿನ ಹೆರಿಗೆ ವೈದ್ಯರು ಮುಂದೆ ಬರಲಿಲ್ಲ. ೨೧ ದೇಶಗಳ ೨೦,೦೬೦ ತಾಯಂದಿರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಹೊರಬಂದುದು ೨೦೧೭ರಲ್ಲಿ. ಉಟಾಕೊ ಅವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಆ ಪರೀಕ್ಷೆ ಕಲಿಸಿದ ಮಾತನ್ನು ಗಮನವಿಟ್ಟು ಕೇಳಿರಿ. ಹೆರಿಗೆಯಾದ ೩ ಗಂಟೆಗಳೊಳಗೆ ಈ ಚುಚ್ಚುಮದ್ದನ್ನು ಪಡೆದ ತಾಯಂದಿರಲ್ಲಿ ರಕ್ತಸ್ರಾವದಿಂದಾಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ೩ ಗಂಟೆ ದಾಟಿದ ಮೇಲೆ ಕೊಟ್ಟವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ಈ ೩ ಗಂಟೆಗಳೊಳಗೂ ೧೫ ನಿಮಿಷ ತಡವಾದಂತೆಲ್ಲ ಔಷಧದ ಫಲವು ಸುಮಾರು ಹತ್ತರಲ್ಲಿ ಒಂದು ಪಾಲಿನಂತೆ ಇಳಿಯುತ್ತ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ೨೦೧೭ರಲ್ಲಿ ಇದೇ ಗಡುವನ್ನು ಗೊತ್ತುಪಡಿಸಿತು: ಒಂದು ಗ್ರಾಂ ಔಷಧವನ್ನು ರಕ್ತನಾಳದ ಮೂಲಕ ನಿಧಾನವಾಗಿ, ಇತರ ಚಿಕಿತ್ಸೆಯ ಜೊತೆಗೆ ಕೊಡಬೇಕು. ಇದು ತರಬೇತಾದವರು ಮಾಡತಕ್ಕ ಕೆಲಸ. ಅಂಗಡಿಯಿಂದ ಕೊಂಡುತಂದು ಮನೆಯಲ್ಲಿ ಕೊಡುವಂಥದ್ದಲ್ಲ.

ಈಗ ನೀವೇ ಲೆಕ್ಕ ಹಾಕಿ ನೋಡಿರಿ. ಮನೆಯಲ್ಲಿ ಹೆರಿಗೆಯಾಯಿತೆನ್ನಿ. "ಹೊಲಸು ರಕ್ತ, ಹೋಗಲಿ ಬಿಡು" ಎಂದು ಹಿರಿಯರು ಒಂದು ಗಂಟೆ ಕಾಯುತ್ತಾರೆ. ಗಂಡನಿಗೆ ಹೇಳಿಕಳಿಸಿ ಅವನು ಬರುವಷ್ಟರಲ್ಲಿ ಅರ್ಧ ಗಂಟೆ. ಗಾಡಿಗೆ ಅರ್ಧ ಗಂಟೆ. ಕುಡತಿನಿಯಿಂದ ಬಳ್ಳಾರಿಗೆ ಇರುವುದು ಸುಮಾರು ಇಪ್ಪತ್ತು ಕಿಲೋಮೀಟರೇ ಆದರೂ, ಹೆದ್ದಾರಿಯಲ್ಲಿ ಲಾರಿಗಳ ಸಾಲು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಸ್ಪತ್ರೆಯ ಬಾಗಿಲು ಮುಟ್ಟುವ ವೇಳೆಗೆ ಮೂರು ಗಂಟೆ ಕಳೆದಿರುತ್ತದೆ. ದೂರ ಕಡಿಮೆಯಿದ್ದೂ ಹೊತ್ತು ಕಳೆದದ್ದು ಅಂಗಳದಲ್ಲಿ. ಆದುದರಿಂದ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ಆದ ಮೇಲೆ ಕನಿಷ್ಠ ಎರಡು ದಿನ ಅಲ್ಲಿಯೇ ಇರಿ. ಚೊಚ್ಚಲು ಹೆರಿಗೆಗೆ ಹೆಂಡತಿ ತವರಿಗೆ ಹೋಗಿದ್ದರೆ, ಯಾವ ಆಸ್ಪತ್ರೆಗೆ ಯಾವ ಗಾಡಿಯಲ್ಲಿ ಎಂಬುದನ್ನು ಅತ್ತೆ ಮಾವಂದಿರೊಡನೆ ಮೊದಲೇ ಮಾತನಾಡಿಕೊಳ್ಳಿರಿ. ದಾರಿಯಲ್ಲಿಯೋ ಮನೆಯಲ್ಲಿಯೋ ಹೆರಿಗೆಯಾಗಿಬಿಟ್ಟರೆ ಯಾರ ಅಪ್ಪಣೆಗೂ ಕಾಯದೆ ೧೦೮ಕ್ಕೆ ಕರೆ ಮಾಡಿರಿ, ಮಗುವಿಗೆ ಮೊಲೆ ಹಿಡಿಸಿರಿ. ಮಗು ಚೀಪಿದರೆ ಗರ್ಭಕೋಶ ಬಿಗಿಯುತ್ತದೆ.

ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ಕೇಳುತ್ತಿರುವ ಪ್ರಶ್ನೆಯನ್ನು ನಾನು ಬಲ್ಲೆ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಕೆಲವು ತಾಯಂದಿರು ಮೃತಪಟ್ಟರು. ರಕ್ತನಾಳಕ್ಕೆ ಕೊಟ್ಟ ದ್ರಾವಣದ ಗುಣದ ಮೇಲೆ ಸಂಶಯ ಬಂದು ಸರಕಾರವು ಅದರ ಬಳಕೆಯನ್ನು ತಡೆಹಿಡಿಯಿತು. ಆ ಮನೆಗಳ ದುಃಖ ಸಣ್ಣದಲ್ಲ. ನಿಮ್ಮ ಭಯವೂ ಅಕಾರಣವಲ್ಲ. ಯಾವ ಔಷಧ ಕೊಡುತ್ತಿದ್ದೀರಿ, ಏಕೆ ಕೊಡುತ್ತಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿರಿ. ಆದರೆ ಆ ಭಯದಿಂದ ಮನೆಯಲ್ಲಿಯೇ ಹೆರಿಗೆ ಮಾಡಿಸಹೊರಟರೆ, ಹೆಪ್ಪು ಕರಗತೊಡಗಿದಾಗ ಕೈಯಲ್ಲಿ ಏನೂ ಇರುವುದಿಲ್ಲ.

ರಕ್ತಹೀನತೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ರಕ್ತಹೀನ ತಾಯಂದಿರಿಗೆ ರಕ್ತ ಹೋಗುವ ಮೊದಲೇ ಈ ಚುಚ್ಚುಮದ್ದನ್ನು ಕೊಟ್ಟು ನೋಡಿದ್ದಾರೆ. ಅದರಿಂದ ರಕ್ತಸ್ರಾವ ತಪ್ಪಲಿಲ್ಲ ಎಂದು ೨೦೨೩ರಲ್ಲಿ ತಿಳಿದುಬಂದಿತು. ಗರ್ಭಿಣಿಯಾಗಿದ್ದಾಗ ನುಂಗಬೇಕಾದ ಕಬ್ಬಿಣಾಂಶದ ಮಾತ್ರೆಗೆ ಬದಲಿ ಇಲ್ಲ.

ಮೊದಲ ದಿನ ಕಳೆಯಿತು, ತಾಯಿ ಮಗು ಮನೆಗೆ ಬಂದರು. ಎರಡನೆಯ ಅಪಾಯದ ಕಾಲ ಇದು. ಗರ್ಭಿಣಿಯಾಗಿದ್ದಾಗ ಹೆಚ್ಚಿದ್ದ ಹೆಪ್ಪುಗಟ್ಟುವ ಗುಣವು ಒಂದೇ ದಿನದಲ್ಲಿ ಇಳಿಯುವುದಿಲ್ಲ. ಸುಮಾರು ಆರು ವಾರ ಬೇಕು. ಈ ಅವಧಿಯಲ್ಲಿ ಕಾಲಿನ ನಾಳದಲ್ಲಿಯೋ ಮೆದುಳಿನ ನಾಳದಲ್ಲಿಯೋ ಬೇಡದ ಹೆಪ್ಪು ಕಟ್ಟಬಹುದು, ಕರಗದೆ ನಿಲ್ಲಬಹುದು. ಬಾಣಂತಿಯರ ಮೆದುಳಿನ ನಾಳಗಳಲ್ಲಿ ಹೆಪ್ಪುಗಟ್ಟುವ ಈ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬಹುಕಾಲದಿಂದ ಕಂಡು, ಚಿಕಿತ್ಸೆ ಮಾಡಿ, ಬರೆದಿದ್ದಾರೆ. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಎಂಬ ಔಷಧದ ಪ್ರಯೋಜನವನ್ನು ಅವರು ೧೯೯೯ರಲ್ಲಿ ಪ್ರಕಟಿಸಿದರು. ಹೆಪಾರಿನ್ ಹೊಸ ಹೆಪ್ಪನ್ನು ತಡೆಯುತ್ತದೆ. ಕಟ್ಟಿದ್ದನ್ನು ಮೆಲ್ಲಮೆಲ್ಲನೆ ಕರಗಿಸುವುದು ತಾಯಿಯ ದೇಹದ ಪ್ಲಾಸ್ಮಿನ್ನೇ.

ನಮ್ಮಲ್ಲಿ ಇದಕ್ಕೆ ಹೊಂದಿಕೊಂಡ ಒಂದು ರೂಢಿ ಇದೆ. ಹೊಟ್ಟೆ ದಪ್ಪವಾಗುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಬಾಣಂತಿಗೆ ನೀರನ್ನು ಅಳೆದು ಕೊಡುವುದು; ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಕಾವಿನ ಬಳಿ ಮಲಗಿಸುವುದು. ಬಳ್ಳಾರಿಯ ಏಪ್ರಿಲ್ ಮೇ ತಿಂಗಳಿನಲ್ಲಿಯೂ ಹೀಗೆ ಮಾಡುವವರಿದ್ದಾರೆ! ಮೈಯ ನೀರು ಬತ್ತಿದರೆ ರಕ್ತ ಮಂದವಾಗುತ್ತದೆ. ಮೊದಲೇ ಕಟ್ಟಲು ಕಾದಿರುವ ಹೆಪ್ಪಿಗೆ ಅದು ಅನುಕೂಲ. ಅಂಟಿನುಂಡೆ ಕೊಡಿರಿ, ಮೆಂತ್ಯೆ ಕೊಡಿರಿ, ಎರೆದು ಹಾಕಿರಿ, ಬೇಡವೆನ್ನುವವರಾರು? ಅವುಗಳ ಜೊತೆಗೆ ಬಾಯಾರಿದಷ್ಟು ನೀರನ್ನೂ ಕೊಡಿರಿ. ಕಾದಾರಿಸಿದ ನೀರು, ಮಜ್ಜಿಗೆ, ಗಂಜಿ, ಯಾವುದಾದರೂ ಸರಿ. ಮಂಚದ ಮೇಲೆಯೇ ನಲವತ್ತು ದಿನ ಕೂರಿಸಬಾರದು. ಎರಡನೆಯ ದಿನದಿಂದಲೇ ಮನೆಯೊಳಗೆ ಓಡಾಡಲಿ.

ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಸೆಳವು, ಮಾತು ತಪ್ಪುವುದು, ಇವು ಕಂಡರೆ ಬಾಣಂತಿ ಸನ್ನಿ ಎಂದೋ ಗಾಳಿ ಸೋಕಿತೆಂದೋ ತಾಯಿತ ಕಟ್ಟಿಸಲು ಹೋಗಬೇಡಿರಿ. ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಏದುಸಿರು ಬರುವುದು ಕೂಡ ಅದೇ ಜಾತಿಯ ಸೂಚನೆಗಳು. ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಹೆಪಾರಿನ್ ತಾಯಿಯ ಹಾಲಿಗೆ ಇಳಿಯುವುದಿಲ್ಲವಾದ್ದರಿಂದ ಅದನ್ನು ಪಡೆಯುವ ತಾಯಿ ಮಗುವಿಗೆ ಹಾಲೂಡಿಸಬಹುದು.

ಕಡೆಯದಾಗಿ ಕುಟುಂಬ ಯೋಜನೆಯ ಸಾಧನಗಳ ಮಾತು, ಏಕೆಂದರೆ ಅವುಗಳಿಗೂ ಹೆಪ್ಪಿಗೂ ಸಂಬಂಧವಿದೆ. ದಿನಕ್ಕೊಂದರಂತೆ ನುಂಗುವ ಮಾಲಾ-ಎನ್ ಮಾತ್ರೆಯಲ್ಲಿ ಹೆಪ್ಪುಗಟ್ಟುವ ಗುಣವನ್ನು ಸ್ವಲ್ಪ ಹೆಚ್ಚಿಸುವ ಅಂಶವಿದೆ. ಹಾಲೂಡಿಸುವ ತಾಯಿ ಮೊದಲ ಆರು ವಾರ ಅದನ್ನು ಸೇವಿಸಲೇ ಕೂಡದು. ಮಗುವಿಗೆ ಆರು ತಿಂಗಳು ತುಂಬುವವರೆಗೂ ಬೇರೆ ಸಾಧನವೇ ಮೇಲು. ಹಿಂದೆ ಕಾಲಿನಲ್ಲಿ ಅಥವಾ ತಲೆಯಲ್ಲಿ ಹೆಪ್ಪುಗಟ್ಟಿದ್ದವರಿಗೆ ಅದು ಎಂದಿಗೂ ಸಲ್ಲದು. ಕಾಪರ್-ಟಿಯನ್ನು ಹೆರಿಗೆಯಾದ ಎರಡು ದಿನಗಳೊಳಗೆ ಆಸ್ಪತ್ರೆಯಲ್ಲಿಯೇ ಹಾಕಿಸಿಕೊಳ್ಳಬಹುದು. ಅದು ಗರ್ಭಕೋಶದ ಒಳಪದರದ ಕರಗಿಸುವ ಶಕ್ತಿಯನ್ನು ತುಸು ಹೆಚ್ಚಿಸುವುದರಿಂದ ಮೊದಲ ಕೆಲವು ತಿಂಗಳು ಮುಟ್ಟಿನ ರಕ್ತ ಹೆಚ್ಚು ಹೋಗಬಹುದು. ಹಾಗಾದರೆ ಕಿತ್ತುಹಾಕಿಸಲು ಅವಸರಪಡದೆ ಆರೋಗ್ಯ ಸಹಾಯಕಿಗೆ ತಿಳಿಸಿರಿ; ವೈದ್ಯರು ಪರೀಕ್ಷಿಸಿ ಮಾತ್ರೆ ಕೊಡುತ್ತಾರೆ. ಆ ಮಾತ್ರೆಗಳ ಪೈಕಿ ಒಂದು, ಮೇಲೆ ಹೇಳಿದ ಜಪಾನಿನ ದಂಪತಿಗಳ ಔಷಧವೇ.