ತೇಲುವುದು, ಮುಳುಗುವುದು



ನಾಡಿದ್ದು ಜಾತ್ರೆ. ಆಚೆ ದಂಡೆಯ ಹಳ್ಳಿಗಳಿಂದ ಬರುವವರಲ್ಲಿ ಬಹುಮಂದಿ ಸೇತುವೆ ಸುತ್ತಾಗುತ್ತದೆಂದು ಹರಿಗೋಲನ್ನೇ ಹತ್ತುತ್ತೀರಿ. ಆದುದರಿಂದ ಈ ಸಂಜೆ ಬೇರೆಲ್ಲ ವಿಷಯ ಬಿಟ್ಟು, ವಸ್ತುಗಳು ನೀರಿನಲ್ಲಿ ಏಕೆ ತೇಲುತ್ತವೆ, ಏಕೆ ಮುಳುಗುತ್ತವೆ ಎಂಬುದನ್ನೇ ಹೇಳಬೇಕೆಂದಿದ್ದೇವೆ.

ಹಗುರಾದುದು ತೇಲುತ್ತದೆ, ಭಾರವಾದುದು ಮುಳುಗುತ್ತದೆ ಎನ್ನುತ್ತೀರಿ. ಅಂಗೈಯಲ್ಲಿ ಅಡಗುವ ಮೊಳೆ ತಳ ಸೇರುತ್ತದೆ. ನಾಲ್ವರು ಹೊರಲಾರದ ಒಣ ದಿಮ್ಮಿ ತೇಲುತ್ತದೆ. ಇದಕ್ಕೇನು ಹೇಳುವಿರಿ? ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹ ಓದುವಾಗ, ಗುರುತ್ವವೆಂಬ ಗುಣ ಪೃಥ್ವಿಯಲ್ಲಿಯೂ ಜಲದಲ್ಲಿಯೂ ಇದೆ, ವಸ್ತು ಬೀಳತೊಡಗುವುದಕ್ಕೆ ಅದೇ ಕಾರಣ ಎಂದು ಬಾಯಿಪಾಠ ಮಾಡಿದ್ದೆವು. ಗುರುತ್ವ ಹೆಚ್ಚಿರುವ ದಿಮ್ಮಿ ಬಿಟ್ಟು ಮೊಳೆಯೇಕೆ ಮುಳುಗಬೇಕೆಂದು ಕೇಳುವ ಧೈರ್ಯ ಮಾತ್ರ ನಮಗಾಗಲಿಲ್ಲ.

ಇದಕ್ಕೆ ಉತ್ತರವನ್ನು ಸುಮಾರು 2,200 ವರ್ಷಗಳ ಹಿಂದೆಯೇ ಸಿರಾಕ್ಯೂಸ್ ಪಟ್ಟಣದ ಆರ್ಕಿಮಿಡೀಸನು ಕೊಟ್ಟಿದ್ದ. ನೀರಿಗಿಳಿದ ವಸ್ತು ತನ್ನ ಗಾತ್ರದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ಆ ನೀರಿನ ತೂಕವೆಷ್ಟೋ ಅಷ್ಟು ಬಲದಿಂದ ನೀರು ವಸ್ತುವನ್ನು ಮೇಲಕ್ಕೆ ಒತ್ತುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅಷ್ಟೇ ಗಾತ್ರದ ಕಬ್ಬಿಣ ಏಳೂಮುಕ್ಕಾಲು ಕಿಲೋಕ್ಕೂ ಹೆಚ್ಚು; ಅದನ್ನು ಎತ್ತಿಹಿಡಿಯುವ ಶಕ್ತಿ ನೀರಿಗಿಲ್ಲ. ಗಾತ್ರಕ್ಕೆ ತೂಕವೆಷ್ಟು ಎಂಬ ಈ ಪ್ರಮಾಣಕ್ಕೆ ಸಾಂದ್ರತೆ ಎಂದು ಹೆಸರು. ಬಿತ್ತನೆಯ ಭತ್ತವನ್ನು ಉಪ್ಪುನೀರಿಗೆ ಸುರಿದು ಜೊಳ್ಳು ತೆಗೆಯುವ ರೈತನಿಗೆ ಇದು ಹೊಸದಲ್ಲ. ಉಪ್ಪು ಬೆರೆತ ನೀರಿನ ಸಾಂದ್ರತೆ ಹೆಚ್ಚು. ಅರೆಬಲಿತ ಕಾಳೂ ಅದರಲ್ಲಿ ಮೇಲೆ ಬಂದುಬಿಡುತ್ತದೆ.

ಅದೇ ಕಬ್ಬಿಣವನ್ನು ಬಡಿದು ಕೊಪ್ಪರಿಗೆ ಮಾಡಿರಿ, ತೇಲುತ್ತದೆ. ಕಬ್ಬಿಣದ ತೂಕ ಹೆಚ್ಚಲಿಲ್ಲ, ಒಳಗಿನ ಗಾಳಿ ಸೇರಿ ಗಾತ್ರ ಹೆಚ್ಚಿತು. ಹಡಗು ತೇಲುವುದೂ ಹೀಗೆಯೇ, ಬಿದಿರು ಹೆಣೆದ ನಮ್ಮ ಹರಿಗೋಲು ತೇಲುವುದೂ ಹೀಗೆಯೇ. ಈಗ ಲೆಕ್ಕ ಹಾಕೋಣ. ಹರಿಗೋಲು ಅಂಚಿನವರೆಗೆ ಇಳಿದರೆ 800 ಲೀಟರ್ ನೀರನ್ನು ಸರಿಸುತ್ತದೆ, ಅದರ ಸ್ವಂತ ತೂಕ 100 ಕಿಲೋ ಎಂದಿಟ್ಟುಕೊಳ್ಳಿರಿ. ಉಳಿದುದು 700. ತಲೆಗೆ 60 ಕಿಲೋದಂತೆ ಹನ್ನೊಂದು ಜನರಿಗೆ 660 ಆಯಿತು. ಹನ್ನೆರಡನೆಯವನು ಕಾಲಿಟ್ಟರೆ 720! ಹನ್ನೊಂದು ಜನರಿದ್ದಾಗಲೇ ಅಂಚು ಹೆಚ್ಚುಕಡಿಮೆ ನೀರಿನ ಸಮಕ್ಕೆ ಬಂದಿರುತ್ತದೆ. ಆಗ ಒಬ್ಬ ಎದ್ದು ನಿಂತರೂ ಸಾಕು, ಒಂದು ಪಕ್ಕ ವಾಲಿ ನೀರು ಒಳಗೆ ಬರುತ್ತದೆ. ಗಾಳಿಯ ಜಾಗಕ್ಕೆ ನೀರು ಬಂತೆಂದರೆ ಆ ಲೆಕ್ಕವೆಲ್ಲ ತಪ್ಪಿತು.

ನಮಗಿದು ಗ್ರಂಥದಿಂದ ತಿಳಿದುದಲ್ಲ. ಹದಿನೈದರ ಪ್ರಾಯದಲ್ಲಿ ಪಾಠಶಾಲೆಗೆ ಹೊರಟ ದಿನ, ಅಂಬಿಗ ಬೇಡವೆಂದರೂ ಒಬ್ಬ ಧನಿಕರು ಎರಡು ಚೀಲ ಜೋಳವನ್ನು ಹರಿಗೋಲಿಗೆ ಹಾಕಿಸಿದರು. ನಡುಹೊಳೆಯಲ್ಲಿ ಅಂಚು ದಾಟಿ ನೀರು ಬಂತು. ಅಂಬಿಗ ಯಾರನ್ನೂ ಕೇಳಲಿಲ್ಲ, ಎರಡೂ ಚೀಲಗಳನ್ನು ಹೊಳೆಗೆ ದೂಡಿದ. ಹರಿಗೋಲು ಗೇಣುದ್ದ ಮೇಲೆದ್ದುದು ನಮಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಧನಿಕರು ದಂಡೆ ಮುಟ್ಟುವತನಕ ಅವನನ್ನು ಬೈಯುತ್ತಲೇ ಇದ್ದರು.

ಇನ್ನೊಂದು ಮಾತು, ತಾಯಂದಿರು ಮಕ್ಕಳಿಗೂ ಹೇಳಿರಿ. ಮನುಷ್ಯದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಎದೆ ತುಂಬ ಉಸಿರಿದ್ದರೆ ಹೆಚ್ಚಿನವರು ತೇಲುತ್ತಾರೆ, ಉಸಿರು ಬಿಟ್ಟರೆ ಇಳಿಯುತ್ತಾರೆ. ನೀರಿಗೆ ಬಿದ್ದವನು ಗಾಬರಿಯಿಂದ ಕೈಗಳನ್ನು ಮೇಲೆತ್ತಿದರೆ, ಆ ಕೈಗಳ ಭಾರವನ್ನು ನೀರು ಹೊರುವುದಿಲ್ಲ. ಅಷ್ಟರಮಟ್ಟಿಗೆ ಮುಖ ಒಳಗೆ ಹೋಗುತ್ತದೆ. ಕೈ ನೀರಿನಲ್ಲಿಯೇ ಇರಲಿ, ಮುಖ ಆಕಾಶಕ್ಕಿರಲಿ. ತೇಲುಅಂಗಿ ಕೊಟ್ಟರೆ ನಾಚಿಕೆಪಡದೆ ತೊಡಿರಿ. ಅದು ತೂಕ ಸೇರಿಸದೆ ಗಾತ್ರ ಸೇರಿಸುವ ಉಪಾಯ.

ಇಂಗ್ಲೆಂಡಿನಲ್ಲಿಯೂ ಹಿಂದೆ ಲಾಭದಾಸೆಗೆ ಹಡಗುಗಳಲ್ಲಿ ಮಿತಿಮೀರಿ ಸರಕು ತುಂಬುತ್ತಿದ್ದರು, ನಾವಿಕರು ಸಾಯುತ್ತಿದ್ದರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಪಾರ್ಲಿಮೆಂಟಿನ ಸದಸ್ಯರು ಹೋರಾಡಿದ ಫಲವಾಗಿ, 1876ರ ಕಾನೂನಿನಿಂದ ಹಡಗಿನ ಹೊರಮೈಗೆ ಭಾರದ ಗೆರೆ ಕಡ್ಡಾಯವಾಯಿತು. ನಮ್ಮ ಹರಿಗೋಲುಗಳಿಗೂ ಅಂಚಿನಿಂದ ಒಂದು ಗೇಣು ಕೆಳಗೆ ಬಿಳಿ ಗೆರೆ ಎಳೆಸಿದ್ದೇವೆ. ಅದು ನೀರಿಗೆ ತಾಗಿದ ಮೇಲೆ ನಾವೇ ಬಂದರೂ ಹತ್ತಿಸಬೇಡ ಎಂದು ಅಂಬಿಗನಿಗೆ ಹೇಳಿದ್ದೇವೆ. ಉಳಿದವರು ದಂಡೆಯ ಮೇಲೆ ಕುಳಿತಿರಿ. ದಾಸೋಹ ರಾತ್ರಿಯವರೆಗೂ ನಡೆದಿರುತ್ತದೆ.